ನಾಲ್ಕನೆಯ ಸಾಲು

ಅಪ್ಪನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಅಂಕಿತಾ ಇದ್ದಕ್ಕಿದ್ದಂತೆ ಕಾಲರ್ ತಿರುವಿ ಒಳಗಿನ ಚೀಟಿ ಓದತೊಡಗಿದಾಗ, ಬನಿಯನ್ನಿನಲ್ಲಿ ನಿಂತು ಕಾಯುತ್ತಿದ್ದ ಕೊಟ್ರೇಶನಿಗೆ ಯಾರೋ ತನ್ನ ಜೇಬಿಗೆ ಕೈಹಾಕಿದಂತಾಯಿತು. ಅಂಗಿ ಅವನು ಕೆಲಸ ಮಾಡುವ ಅಂಗಡಿಯದೇ. ಚೀಟಿಯ ಮೇಲಿದ್ದದ್ದು ಮುಂಬಯಿಯ ಹೆಸರು, ಹೊಲಿದದ್ದು ಹರಿಹರದ ಒಂದು ಓಣಿಯಲ್ಲಿ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ ದಾವಣಗೆರೆಯ ಗಿರಾಕಿಗೆ ಪಕ್ಕದೂರಿನ ಹೊಲಿಗೆ ಅಂದರೆ ಮೂಗು ಮುರಿಯುವ ಚಾಳಿ, ಅದಕ್ಕೇ ಆ ಚೀಟಿ. ಇದೆಲ್ಲ ಮಗಳಿಗೆ ಗೊತ್ತಿಲ್ಲ. ಗೊತ್ತಿಲ್ಲವೋ, ಗೊತ್ತಿದ್ದೂ ಕೇಳುತ್ತಿಲ್ಲವೋ ಅನ್ನುವುದು ಈಚೆಗೆ ಕೊಟ್ರೇಶನಿಗೆ ತಿಳಿಯದಾಗಿದೆ. ಅವಳು ಕಾಲರನ್ನು ಮತ್ತೆ ಮಡಚಿ, ಇಸ್ತ್ರಿ ಒತ್ತಿ, "ಇವತ್ತು ಹರಿಹರಕ್ಕೆ ಹೊಂಟೀರಂತೆ?" ಅಂದಳು. ಯಾರು ಹೇಳಿದ್ದು ಅಂದ. "ಸಾವ್ಕಾರ್ರೇ ಫೋನ್ ಮಾಡಿದ್ರು ಅಪ್ಪಾಜಿ. ಹೊಲಿಯೋರ ಹತ್ರ ನಿಮ್ಮಪ್ಪನ್ನೇ ಕಳಿಸ್ತೀನವ್ವ, ಅವನ ಮಾತಾದ್ರೂ ನಂಬ್ತೀಯೋ ಇಲ್ಲೋ ಅಂದ್ರು." ಕೊಟ್ರೇಶ್ ಅಂಗಿಗೆ ಕೈ ಚಾಚಿದ. ನೀನೇನಂದೆ ಎಂದು ಕೇಳಬಾರದಿತ್ತು, ಕೇಳಿಬಿಟ್ಟ. "ನಮ್ಮಪ್ಪಾಜಿ ಹೋಗಿ ಕೇಳ್ಕೊಂಡು ಬಂದು ಸರಿ ಐತೆ ಅಂದ್ರೆ ಮುಗೀತು, ಇನ್ನೊಂದ್ ಮಾತಿಲ್ಲ ಅಂದೆ." ಅಂಗಿ ಇನ್ನೂ ಬಿಸಿ ಇತ್ತು. ಬೆನ್ನಿಗೆ ತಾಕಿದಾಗ ಚುರ್ರೆಂದಿತು.

ಒಂದು ತಿಂಗಳಿನಿಂದ ಮನೆಯಲ್ಲಿ ಇದೇ ಮಾತು. ಕಾಲೇಜಿನ ಕೊನೆಯ ವರ್ಷದಲ್ಲಿರುವ ಅಂಕಿತಾ, ಅವಳ ಗೆಳತಿ ನಯನಾ, ಇನ್ನೂ ನಾಲ್ಕೈದು ಹುಡುಗಿಯರು ಸೇರಿ ಊರಿನ ದೊಡ್ಡ ಬಟ್ಟೆ ಅಂಗಡಿಗಳಿಗೆಲ್ಲ ಪತ್ರ ಕೊಟ್ಟಿದ್ದರು. ನೀವು ಮಾರುವ ಬಟ್ಟೆ ಹೊಲಿಯುವವರು ಯಾರು, ಅವರಿಗೆ ನ್ಯಾಯವಾಗಿ ಕೂಲಿ ಸಿಗುತ್ತದೆಯೇ, ಬರೆದು ತಿಳಿಸಿ. ನ್ಯಾಯವಾಗಿ ಹೊಲಿಸಿದ ಬಟ್ಟೆಗೆ ಅಂಗಡಿಯಲ್ಲಿ ಒಂದು ರ್‍ಯಾಕನ್ನಾದರೂ ಕೊಡಿ. ಇಲ್ಲದಿದ್ದರೆ ದೀಪಾವಳಿ ವ್ಯಾಪಾರದ ಹೊತ್ತಿಗೆ ಬಾಗಿಲ ಮುಂದೆ ಬೋರ್ಡು ಹಿಡಿದು ನಿಲ್ಲುತ್ತೇವೆ. ಉಳಿದ ಅಂಗಡಿಯವರು ಆ ಪತ್ರದಲ್ಲಿ ಮಂಡಕ್ಕಿ ಕಟ್ಟಿಸಿಕೊಂಡಿರಬೇಕು. ಉತ್ತರ ಕೊಡುತ್ತೇನೆಂದು ಒಪ್ಪಿದವರು ಕೆ.ಬಿ. ಬಡಾವಣೆಯ ಕರಿಬಸವರಾಜ ಒಬ್ಬರೇ. ಅವರ ಅಂಗಡಿಗೆ ಬಟ್ಟೆ ಹೊಲಿಸುವುದು, ಹೊಲಿದದ್ದನ್ನು ನೋಡಿ ಒಪ್ಪುವುದು, ಬೇಡವಾದದ್ದನ್ನು ವಾಪಸು ಕಳಿಸುವುದು ಇಪ್ಪತ್ತೆರಡು ವರ್ಷಗಳಿಂದ ಕೊಟ್ರೇಶನ ಕೆಲಸ. ಪತ್ರ ಕೊಟ್ಟ ದಿನ ಅಂಕಿತಾ ಊಟಕ್ಕೆ ಕುಳಿತಾಗ, "ನಿಮಗೆ ತೊಂದ್ರೆ ಆಗಲ್ಲ ಅಲ್ವಾ ಅಪ್ಪಾಜಿ? ನೀವು ಬರೀ ನೌಕರ. ರೇಟು ಕಡಿಯೋರು, ರಿಜೆಕ್ಟ್ ಮಾಡೋರು ಬೇರೆ ಇರ್ತಾರೆ ಅಲ್ವಾ?" ಅಂದಿದ್ದಳು. ರೊಟ್ಟಿ ಬಾಯಲ್ಲಿತ್ತು. ಬಾಯಲ್ಲಿ ರೊಟ್ಟಿ ಇದ್ದವನು ಹೂಂ ಅಂದರೂ ಉಹೂಂ ಅಂದರೂ ಒಂದೇ ರೀತಿ ಕೇಳಿಸುತ್ತದೆ. ಅವನು ಅದರ ಲಾಭ ಪಡೆದ.

ಕೊಟ್ರೇಶನ ಅಪ್ಪ ಸಿಂಪಿಗ. ಹಳೇ ಪೇಟೆಯ ಒಂದು ಕಟ್ಟೆಯ ಮೇಲೆ ಮಿಷನ್ನಿಟ್ಟುಕೊಂಡು ನಲವತ್ತು ವರ್ಷ ಹೊಲಿದ. ಹೊಲಿಗೆ ಸರಿ ಇದೆಯೋ ಇಲ್ಲವೋ ಎಂದು ಅವನು ಕಣ್ಣಿನಿಂದ ನೋಡುತ್ತಿರಲಿಲ್ಲ. ಬಟ್ಟೆಯ ಎರಡೂ ಅಂಚು ಹಿಡಿದು ಮೆಲ್ಲಗೆ ಎಳೆದು, ನಡುವಿನ ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಓಡಿಸುತ್ತಿದ್ದ. ಉಗುರು ಎಲ್ಲೂ ಎಡವದೆ ಹೋದರೆ ಸರಿ. ಎಡವಿದರೆ, ಗಿರಾಕಿ ಎದುರಿಗೇ ಕುಳಿತಿದ್ದರೂ, ಬಿಚ್ಚಿ ಮತ್ತೆ ಹೊಲಿಯುತ್ತಿದ್ದ. ಅಪ್ಪನಿಂದ ಕೊಟ್ರೇಶನಿಗೆ ಬಂದ ಆಸ್ತಿ ಅಂದರೆ ಆ ಹೆಬ್ಬೆರಳೊಂದೇ. ಅದನ್ನು ನೋಡಿಯೇ ಕರಿಬಸವರಾಜರು ಅವನನ್ನು ಕೆಲಸಕ್ಕಿಟ್ಟುಕೊಂಡದ್ದು. ಮೊದಲ ಎರಡು ವರ್ಷ ಹೆಬ್ಬೆರಳು ಪ್ರಾಮಾಣಿಕವಾಗಿತ್ತು. ಆಮೇಲೆ ಒಂದು ದಿನ ಸಾಹುಕಾರರು, "ಮಾಲು ಜಾಸ್ತಿ ಆಗೈತಲ್ಲೋ ಕೊಟ್ರೇಶಿ, ಹರಿಹರದ ಗಂಟು ಒಂದು ಹದಿನೈದು ದಿನ ತಳ್ಳು" ಅಂದರು. ಬೇಡ ಅಂದರೆ ಕೂಲಿ ಕೊಡಬೇಕಾಗುತ್ತದೆ, ಹೊಲಿಗೆ ಸರಿ ಇಲ್ಲ ಅಂದರೆ ಬೇಕಿಲ್ಲ. ಅಂದು ಉಗುರು ಎಡವದ ಕಡೆ ಕೊಟ್ರೇಶ್ ತಾನೇ ಎಡವಿಸಿದ. ಕೆಟ್ಟದ್ದೇನೆಂದರೆ ಅದು ಬಲು ಸುಲಭವಾಗಿ ಆಯಿತು.

ಅಂಗಡಿ ತಲುಪಿದಾಗ ಸಾಹುಕಾರರು ಗುರುಗಳ ಗದ್ದುಗೆಯ ಫೋಟೋಗೆ ಊದುಬತ್ತಿ ಬೆಳಗಿ, ವಿಭೂತಿ ಹಚ್ಚಿಕೊಂಡು ಕುಳಿತಿದ್ದರು. ಮೇಜಿನ ಮೇಲೆ ಪ್ರೆಸ್ಸಿನಿಂದ ಬಂದ ಎರಡು ಪೆಟ್ಟಿಗೆ. ಒಂದನ್ನು ಬಿಚ್ಚಿ ಚೀಟಿಯೊಂದನ್ನು ಕೊಟ್ರೇಶನ ಕೈಗಿಟ್ಟರು. ದಪ್ಪ ಕಾಗದ, ಹಸಿರು ಅಕ್ಷರ, ತೂಗು ಹಾಕಲು ಸೆಣಬಿನ ದಾರ. "ಈ ಉಡುಪು ಹೊಲಿದ ಕೈಗಳಿಗೆ ನ್ಯಾಯ ಸಂದಿದೆ."

"ಹೊಲಿಯೋರ ಸಹಿ ಬಂದಮೇಲೆ ಮಾಡಿಸಬೇಕಿತ್ತಲ್ರಿ ಸಾವ್ಕಾರ್ರೆ," ಅಂದ ಕೊಟ್ರೇಶ್.

"ಲಗ್ನಪತ್ರಿಕೆ ಹಂಚಿ ಆಮ್ಯಾಲೆ ಹೆಣ್ಣು ಹುಡುಕೋದು ನಮ್ಮೂರಾಗೆ ಹೊಸದೇನೋ?" ಸಾಹುಕಾರರು ಸಣ್ಣಗೆ ನಕ್ಕರು. "ಮ್ಯಾಲಿನ ಅಂತಸ್ತಿನಾಗೆ ಒಂದು ರ್‍ಯಾಕ್ ಬಿಡಿಸೀನಿ. ಅದೇ ನೈಟಿ, ಅದೇ ಲಂಗ. ಚೀಟಿ ಒಂದೇ ಹೊಸದು. ರೇಟು ಒಂಚೂರು ಜಾಸ್ತೀನೇ ಇರ್ಲಿ, ನ್ಯಾಯ ಅಂದ್ಮ್ಯಾಲೆ ಅಗ್ಗ ಇರಬಾರ್ದು. ನಿನ್ನ ಮಗಳು ಬಲು ಶ್ಯಾಣೆ ಬಿಡು. ನನಗಿದು ಹೊಳೆದೇ ಇರ್ಲಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕರಿಬಸವರಾಜರು ಕೆಟ್ಟ ಮನುಷ್ಯರೆಂದು ಹೇಳಿಬಿಟ್ಟರೆ ಕೊಟ್ರೇಶನಿಗೆ ಸುಖವಾಗುತ್ತಿತ್ತು. ಆದರೆ ಅಂಕಿತಾ ಹುಟ್ಟಿದಾಗ ಆಸ್ಪತ್ರೆಗೆ ಕಾರು ಕಳಿಸಿದವರು ಅವರೇ, ಅಪ್ಪ ತೀರಿಕೊಂಡಾಗ ಹೆಗಲು ಕೊಟ್ಟವರೂ ಅವರೇ. ಅವರು ಹೊಲಿಯುವವರ ಮುಖ ನೋಡಿಲ್ಲ, ನೋಡುವ ಕೆಲಸವನ್ನು ಕೊಟ್ರೇಶನಿಗೆ ವಹಿಸಿದ್ದಾರೆ. ಕಂಪ್ಯೂಟರಿನ ಹುಡುಗಿ ಟೈಪು ಮಾಡಿದ ಒಪ್ಪಿಗೆ ಪತ್ರದ ಕರಡನ್ನು ಅವರು ಕನ್ನಡಕ ಏರಿಸಿಕೊಂಡು ಓದಿದರು. ನಾನು ಸ್ವಂತ ಇಚ್ಛೆಯಿಂದ ಈ ಅಂಗಡಿಗೆ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುವುದಿಲ್ಲ. ನನ್ನ ದುಡಿಮೆಗೆ ನ್ಯಾಯವಾದ ಕೂಲಿ ಸಕಾಲಕ್ಕೆ ಸಿಗುತ್ತಿದೆ. ಓದಿ ಮುಗಿಸಿ, "ಇನ್ನೇನರ ಬಿಟ್ಟೈತೇನೋ?" ಎಂದು ಕೇಳಿದರು. ಇಲ್ಲ ಅಂದಿದ್ದರೆ ಆಗುತ್ತಿತ್ತು. ಅವರು ಸುಮ್ಮನೆ ಕೇಳಿದ್ದು, ಊಟ ಆಯಿತೇ ಅಂದ ಹಾಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಕಳ್ಳ ಅಂತ ಯಾರೂ ಅಂದೂ ಇರಲಿಲ್ಲ. "ಸರಿಯಾಗಿ ಹೊಲಿದದ್ದನ್ನ ಸರಿ ಇಲ್ಲ ಅಂತ ಎಂದೂ ವಾಪಸ್ ಕಳಿಸಿಲ್ಲ, ಅಂತ ಒಂದು ಸಾಲು ಇರ್ಲಿರಿ," ಅಂದುಬಿಟ್ಟ ಕೊಟ್ರೇಶ್. ಯಾಕೆ ಅಂದನೋ. ಆ ಸಾಲಿನ ಕೆಳಗೆ ಅವರೆಲ್ಲ ಸಹಿ ಹಾಕಿದರೆ ಅದು ನಡೆದೇ ಇಲ್ಲವಾಗುತ್ತದೆ ಅನ್ನುವ ಆಸೆ ಇತ್ತೇ? ಅವರು, ಅಂದರೆ ಅವರಲ್ಲೊಬ್ಬಳು, ನಸೀಮಾ. "ಭೇಷ್," ಅಂದರು ಸಾಹುಕಾರರು. "ಇದು ಕೆಲಸ ಗೊತ್ತಿದ್ದೋನ ಮಾತು." ಹುಡುಗಿ ನಾಲ್ಕನೆಯ ಸಾಲು ಸೇರಿಸಿ ಹತ್ತು ಪ್ರತಿ ತೆಗೆದುಕೊಟ್ಟಳು.

ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಮುಂದಿನ ಸೀಟಿನ ಹೆಂಗಸಿನ ಕುಪ್ಪಸದ ಬೆನ್ನಿನ ಹೊಲಿಗೆ ಕಣ್ಣಿಗೆ ಬಿತ್ತು. ಬಲಗಡೆ ತುಸು ಬಿಗಿ, ದಾರ ಬಣ್ಣಕ್ಕೆ ಹೊಂದಿಲ್ಲ. ಯಾರನ್ನು ನೋಡಿದರೂ ಮೊದಲು ಹೊಲಿಗೆ, ಆಮೇಲೆ ಮುಖ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಹಾಗೇ ಆಗಿತ್ತು. ಬಾಗಿಲ ಹತ್ತಿರ ಇಬ್ಬರು ಹುಡುಗಿಯರು ನಗುತ್ತ ನಿಂತಿದ್ದರು, ಅಂಕಿತಾಳ ವಯಸ್ಸಿನವರು. ಇವರೂ ಪತ್ರ ಬರೆಯುವವರೇ ಇರಬಹುದೇ ಎಂದು ಫೈಲನ್ನು ಮಗುಚಿ ಇಟ್ಟುಕೊಂಡ. ಕೆಲವು ವರ್ಷಗಳ ಹಿಂದಿನ ಒಂದು ರಂಜಾನಿನಲ್ಲಿ ನಸೀಮಾ ಹೀಗೇ ಬಸ್ಸಿನಲ್ಲಿ ನಾಲ್ಕು ಡಜನ್ ನೈಟಿಯ ಗಂಟು ಹೊತ್ತು ಬಂದಿದ್ದಳು, ಆಟೋಗೆ ಯಾಕೆ ಸುಮ್ಮನೆ ದುಡ್ಡು ಎಂದು. ಉಪವಾಸದ ಬಾಯಿ ಒಣಗಿತ್ತು. ಹಬ್ಬಕ್ಕೆ ಮುಂಚೆ ಕೂಲಿ ಸಿಕ್ಕರೆ ಮಗಳು ಮುಬಶ್ಶಿರಾಳಿಗೆ ಬಟ್ಟೆ ತರಬೇಕು ಅಂದಿದ್ದಳು. ಲೋಕಕ್ಕೆಲ್ಲ ನೈಟಿ ಹೊಲಿಯುವವಳ ಮಗಳಿಗೆ ಹಬ್ಬಕ್ಕೆ ಬಟ್ಟೆ ಇಲ್ಲ. ಸಾಹುಕಾರರ ಅಪ್ಪಣೆ ಆಗಲೇ ಆಗಿತ್ತು, ಮಾಲು ತಳ್ಳು. ಕೊಟ್ರೇಶ್ ಮೊದಲ ನೈಟಿ ಎತ್ತಿಕೊಂಡು ಎರಡೂ ಅಂಚು ಹಿಡಿದು ಎಳೆದು ಉಗುರು ಓಡಿಸಿದ. ಅಂಥ ಹೊಲಿಗೆಯನ್ನು ಅವನು ಅಪ್ಪನ ನಂತರ ಕಂಡಿರಲಿಲ್ಲ. ಉಗುರು ನೀರಿನ ಮೇಲೆ ಹೋದಂತೆ ಹೋಯಿತು. "ಸಡಿಲ ಐತೆ," ಅಂದ. ಅವಳು ನೈಟಿ ತೆಗೆದುಕೊಂಡು ತನ್ನ ಉಗುರು ಓಡಿಸಿದಳು. ಅವನನ್ನು ನೋಡಿದಳು. ಅಷ್ಟೇ. ಜಗಳವಾಡಿದ್ದರೆ, ಅತ್ತಿದ್ದರೆ, ಅವನು ಈ ಹೊತ್ತಿಗೆ ಮರೆತಿರುತ್ತಿದ್ದ. ಗಂಟನ್ನು ಮತ್ತೆ ಕಟ್ಟಿ ಹೊತ್ತುಕೊಂಡು ಹೋದಳು. ಹಬ್ಬ ಮುಗಿದ ಮೂರನೆಯ ದಿನ ನಲವತ್ತೆಂಟನ್ನೂ ಬಿಚ್ಚಿ ಮತ್ತೆ ಹೊಲಿದು ತಂದಳು. ದಾರ ಅವಳದು, ಕರೆಂಟು ಅವಳದು. ಎರಡನೆಯ ಸಲದ ಹೊಲಿಗೆ ಮೊದಲಿನದಕ್ಕಿಂತ ಒಂದು ಕೂದಲಷ್ಟು ಕೆಟ್ಟಿತ್ತು, ಬಿಚ್ಚಿದ ತೂತಿನ ಮೇಲೆ ಹೊಲಿದರೆ ಹಾಗಾಗುತ್ತದೆ. ಅದನ್ನು ಅವನು ಒಪ್ಪಿಕೊಂಡ.

ಹರಿಹರದಲ್ಲಿ ಒಂಬತ್ತು ಮನೆಗಳ ಸಹಿ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಯಾರೂ ಓದಲಿಲ್ಲ. ಒಬ್ಬಾಕೆ ಒಲೆ ಮುಂದೆ ಕುಳಿತಂತೆಯೇ ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಇನ್ನೊಬ್ಬಾಕೆ ಇದು ಕಾರ್ಮಿಕರ ಕಾರ್ಡಿಗೋ ಎಂದು ಕೇಳಿದಳು, ಕೊಟ್ರೇಶ್ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಪ್ರತಿ ಮನೆಯಲ್ಲೂ ಚಹಾ ಕೊಟ್ಟರು. ಒಂಬತ್ತು ಚಹಾ ಹೊಟ್ಟೆಯಲ್ಲಿ ಕುಲುಕುತ್ತಿದ್ದವು. ನಸೀಮಾಳ ಮನೆಯನ್ನು ಅವನು ಬೇಕೆಂದೇ ಕೊನೆಗಿಟ್ಟುಕೊಂಡಿದ್ದ. ಓಣಿಯ ತಿರುವಿನಲ್ಲಿ ನಿಂತು, ಒಂಬತ್ತು ಸಾಕಲ್ಲವೇ ಎಂದುಕೊಂಡ. ಅಂಕಿತಾ ಎಣಿಸುವವಳಲ್ಲ. ಆದರೆ ಹತ್ತನೆಯ ಪ್ರತಿಯ ಮೇಲೆ ಕಂಪ್ಯೂಟರಿನ ಹುಡುಗಿ ನಸೀಮಾಳ ಹೆಸರನ್ನೂ ಟೈಪು ಮಾಡಿಬಿಟ್ಟಿದ್ದಳು. ಮತ್ತೆ, ನಿಜ ಹೇಳಬೇಕೆಂದರೆ, ಬೇರೆ ಒಂಬತ್ತು ಸಹಿ ಸಾಹುಕಾರರಿಗೆ. ಕೊಟ್ರೇಶನಿಗೆ ಬೇಕಾಗಿದ್ದದ್ದು ಇದೊಂದು.

"ಬರ್ರಿ ಕೊಟ್ರೇಶಣ್ಣಾರೆ, ಕೂಡ್ರಿ," ಎಂದು ನಸೀಮಾ ಮಿಷನ್ ನಿಲ್ಲಿಸಿ ಎದ್ದಳು. ಕುರ್ಚಿಯ ಮೇಲಿನ ಕತ್ತರಿಸಿದ ಬಟ್ಟೆಯ ಗಂಟನ್ನು ಎತ್ತಿ ಕೆಳಗಿಟ್ಟಳು. ಕಿಟಕಿಗೆ ಕಟ್ಟಿದ್ದ ಪರದೆ ಅಂಗಡಿಯ ನೈಟಿಯ ಬಟ್ಟೆಯದೇ ಚೂರುಗಳನ್ನು ಕೂಡಿಸಿ ಹೊಲಿದದ್ದು. ಕೊಟ್ರೇಶ್ ಫೈಲು ಬಿಚ್ಚಿ, ಸರಾಗವಾಗಿ ಶುರು ಮಾಡಿದ. ಸರ್ಕಾರದ್ದಲ್ಲ, ಅಂಗಡಿಯದೇ ಒಂದು ಸಣ್ಣ ಕಾಗದ, ಇಲ್ಲೊಂದು ಸಹಿ. ಅವಳು ಕಾಗದ ತೆಗೆದುಕೊಂಡಳು. ಪೆನ್ನು ತೆಗೆದುಕೊಳ್ಳಲಿಲ್ಲ. ಬಾಗಿಲ ಬೆಳಕಿಗೆ ಹೋಗಿ ನಿಂತು, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ, ಗಟ್ಟಿಯಾಗಿ ಓದತೊಡಗಿದಳು. ಅವಳಿಗೆ ಕನ್ನಡ ಓದಲು ಬರುತ್ತದೆ ಎಂಬುದು ಹನ್ನೊಂದು ವರ್ಷದ ಪರಿಚಯದಲ್ಲಿ ಕೊಟ್ರೇಶನ ತಲೆಗೇ ಹೊಳೆದಿರಲಿಲ್ಲ. ಮನೆಯಲ್ಲಿ ಉರ್ದು ಆಡುವವಳು, ಆದ್ದರಿಂದ ಬರುವುದಿಲ್ಲ ಎಂದು ಅವನೇ ತೀರ್ಮಾನಿಸಿಬಿಟ್ಟಿದ್ದ.

"ನಾನು... ಸ್ವಂತ... ಇಚ್ಛೆಯಿಂದ." ಅವಳು ತಲೆಯಾಡಿಸಿದಳು. "ದಿನಕ್ಕೆ ಎಂಟು ಗಂಟೆಗಿಂತ... ಹೆಚ್ಚು ದುಡಿಯುವುದಿಲ್ಲ." ಇಲ್ಲಿ ನಕ್ಕಳು. ಕುಹಕವಿಲ್ಲದ ನಗು, ಮಕ್ಕಳ ಮಾತಿಗೆ ನಗುವ ಹಾಗೆ. ಅದೇ ಅವನನ್ನು ಹೆಚ್ಚು ನೋಯಿಸಿದ್ದು. "ನ್ಯಾಯವಾದ ಕೂಲಿ ಸಕಾಲಕ್ಕೆ ಸಿಗುತ್ತಿದೆ. ಇದ್ರಾಗೆ ಇರೋಳು ಯಾರ್ರೀ ಅಣ್ಣಾರೆ? ಅಕಿ ಮನಿ ಎಲ್ಲೈತೆ ಹೇಳ್ರಿ, ನಾನೂ ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ."

ಕೊಟ್ರೇಶ್ ನಗಲು ಯತ್ನಿಸಿದ. ಅಷ್ಟರಲ್ಲಿ ಅವಳು ನಾಲ್ಕನೆಯ ಸಾಲಿಗೆ ಬಂದಿದ್ದಳು. ಅದನ್ನು ಗಟ್ಟಿಯಾಗಿ ಓದಲಿಲ್ಲ. ತುಟಿಯಷ್ಟೇ ಆಡಿದವು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಹೊರಗೆ ಯಾರೋ ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡುತ್ತಿದ್ದರು.

"ಇದನ್ನ ಯಾರು ಬರೆಸಿದ್ರು?"

"ಆಫೀಸ್ನಾಗೆ. ಕಂಪ್ಯೂಟರ್‌ನಾಗೆ ಹಂಗೇ ಬಂದೈತೆ."

"ಕಂಪ್ಯೂಟರಿಗೆ ನೈಟಿ ವಿಷ್ಯ ಗೊತ್ತೈತೇನ್ರಿ?" ಅವಳು ಒಳಗೆ ಬಂದು ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕುಳಿತಳು. ಕಾಗದವನ್ನು ಮಿಷನ್ನಿನ ಹಲಗೆಯ ಮೇಲಿಟ್ಟು, ಅದರ ಸುಕ್ಕನ್ನು ಅಂಗೈಯಿಂದ ಸರಿಮಾಡಿದಳು. "ಸಹಿ ಹಾಕ್ದಿದ್ರೆ ಗಂಟು ಬರ್ತಾವಾ?"

ಕೊಟ್ರೇಶ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಈಗ ಎದ್ದು ಕಾಗದ ಹರಿದುಬಿಡಬಹುದು ಎಂದು ಅನ್ನಿಸಿತು. ಅನ್ನಿಸಿತು ಅಷ್ಟೇ. ಮಗಳ ಮುಂದೆ ನಿಂತು, ರಿಜೆಕ್ಟ್ ಮಾಡುತ್ತಿದ್ದವನು ನಾನೇ ಕಣವ್ವ, ಅಂದರೆ ಅವಳ ಮುಖ ಹೇಗಾಗುತ್ತದೆ ಎಂದು ಊಹಿಸಿದ. ಮುಖ ಕಣ್ಣಿಗೆ ಕಟ್ಟಿತು. ಕುರ್ಚಿಯಿಂದ ಏಳಲಾಗಲಿಲ್ಲ. ಕೆಲಸ ಹೋಗುವ ಭಯ ಇದ್ದರೂ ಅದನ್ನು ಹೇಗೋ ನುಂಗಬಹುದಿತ್ತು. ಲೋಕದಲ್ಲಿ ಅವನನ್ನು ಒಳ್ಳೆಯವನೆಂದು ಯಾವ ಅನುಮಾನವೂ ಇಲ್ಲದೆ ನಂಬಿರುವ ಜೀವ ಒಂದೇ ಒಂದು ಇತ್ತು, ಅದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ನಸೀಮಾ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಕನ್ನಡದಲ್ಲಿ, ದುಂಡಗೆ. ದೀರ್ಘವನ್ನೂ ಮರೆಯಲಿಲ್ಲ. ಕಾಗದ ಹಿಂದಕ್ಕೆ ಕೊಡುವಾಗ ಅದರ ಒಂದು ತುದಿ ಬಿಡದೆ ಹಿಡಿದಿದ್ದಳು.

"ಒಂದು ಮಾತು ಅಣ್ಣಾರೆ. ಮುಂದ ಹಂಗೇನರ ಆದ್ರೆ, ಮಾಲು ಬ್ಯಾಡ ಅಂದುಬಿಡ್ರಿ. ಸಾವ್ಕಾರ್ರಿಗೆ ಬೇಕಾಗಿಲ್ಲ ಅನ್ರಿ, ತಗೊಂಡು ಹೋಗ್ತೀನಿ. ಹೊಲಿಗೆ ಸರಿ ಇಲ್ಲ ಅಂತ ಮಾತ್ರ ಅನ್‌ಬ್ಯಾಡ್ರಿ. ಆ ನಲವತ್ತೆಂಟು ಬಿಚ್ಚುವಾಗ ನನ್ನ ಕೈನೇ ನನಗೆ ಸುಳ್ಳು ಹೇಳ್ತೈತೇನೋ ಅಂತ ಅನುಮಾನ ಬಂದುಬಿಟ್ಟಿತ್ತು. ಈಗಲೂ ಒಂದೊಂದ್ಸಲ ಬರ್ತೈತೆ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ತುದಿ ಬಿಟ್ಟು, ಮಿಷನ್ ಹಾಕಿದ್ದಳು. ಮೋಟಾರಿನ ಸದ್ದಿನಲ್ಲಿ ಏನೂ ಕೇಳಿಸುವಂತಿರಲಿಲ್ಲ. ಇಲ್ಲಿ ಚಹಾ ಕೊಡಲಿಲ್ಲ ಎಂಬುದು ಅವನಿಗೆ ಬಸ್ ಸ್ಟ್ಯಾಂಡಿಗೆ ಬಂದಮೇಲೆ ಹೊಳೆಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನಿಂತೇ ಬಂದ. ಹೇಳಿಬಿಡಬೇಕು ಅಂದುಕೊಂಡ. ದಾರಿಯ ಬಾತಿ ಊರು ದಾಟುವ ಹೊತ್ತಿಗೆ ಮಾತೆಲ್ಲ ಸಿದ್ಧವಾಗಿತ್ತು. ನೋಡವ್ವ ಅಂಕಿತಾ, ಈ ಕಾಗದ ಸುಳ್ಳು, ಬರೆಸಿದವನು ನಾನು, ನಿನ್ನ ಬೋರ್ಡಿನ ಮೇಲೆ ಮೊದಲು ನನ್ನ ಹೆಸರು ಬರಿ. ಎಷ್ಟು ಚೆಂದದ ಮಾತು! ಕಣ್ಣಲ್ಲಿ ನೀರೂ ಬಂತು. ಬಸ್ಸಿನಲ್ಲಿ ನಿಂತು ತನ್ನ ಪ್ರಾಮಾಣಿಕತೆಗೆ ತಾನೇ ಕಣ್ಣೀರು ಹಾಕುವ ಮನುಷ್ಯನನ್ನು ನೋಡಿ ಕಂಡಕ್ಟರು, "ಹುಷಾರಿಲ್ವೇನ್ರಿ, ಕೂಡ್ರಿ," ಎಂದು ತನ್ನ ಸೀಟು ಬಿಟ್ಟುಕೊಟ್ಟ. ಸೀಟಿನಲ್ಲಿ ಕುಳಿತ ಕೂಡಲೇ ನಿಂತಾಗ ಇದ್ದ ಧೈರ್ಯ ಅರ್ಧವಾಯಿತು.

ಅಂಕಿತಾ ಬಾಗಿಲಲ್ಲೇ ಕಾಯುತ್ತಿದ್ದಳು. ಕೈಕಾಲು ತೊಳೆಯಲೂ ಬಿಡದೆ ಫೈಲು ಕಸಿದುಕೊಂಡು, ನಡುಮನೆಯ ಚಾಪೆಯ ಮೇಲೆ ಹತ್ತೂ ಕಾಗದ ಹರಡಿ ಒಂದೊಂದೇ ಓದಿದಳು. ಕೊಟ್ರೇಶ್ ಟವೆಲು ಹಿಡಿದು ನಿಂತ. ಅವಳು ಅನುಮಾನಿಸಲಿ ಎಂದು ದೇವರನ್ನು ಕೇಳಿಕೊಂಡ. ಹತ್ತು ಕಾಗದದ ಮೇಲೂ ಒಂದೇ ಮಾತು ಯಾಕೆ, ಎಂದು ಕೇಳಲಿ. ಕಾಲೇಜು ಕಲಿತವಳು, ಅಷ್ಟೂ ತಿಳಿಯದೇ?

"ಎಲ್ಲರನ್ನೂ ನೀವೇ ಕೇಳಿದ್ರಾ ಅಪ್ಪಾಜಿ? ನೀವೇ ಹೋಗಿ?"

"ಹೂಂ."

"ನಾನು ಮೊದಲನೇ ಮೂರು ಸಾಲು ಓದಿದಾಗ, ಇದೆಲ್ಲ ಯಾರು ಬೇಕಾದ್ರೂ ಬರೆಸ್ತಾರೆ ಅನ್ಕೊಂಡೆ." ಅವಳು ನಸೀಮಾಳ ಕಾಗದವನ್ನು ಎತ್ತಿ ಹಿಡಿದಳು. "ಆದ್ರೆ ಇದು ನೋಡ್ರಿ, ನಾಲ್ಕನೇದು. ಸರಿಯಾಗಿ ಹೊಲಿದದ್ದನ್ನ ಸರಿ ಇಲ್ಲ ಅಂತ ವಾಪಸ್ ಕಳಿಸಿಲ್ಲ. ಸುಳ್ಳು ಬರೆಸೋರಿಗೆ ಇಂಥದ್ದು ಹೊಳೆಯೋದೇ ಇಲ್ಲ. ಹೊಲಿಯೋರೇ ಹೇಳಿರ್ಬೇಕು. ಅಲ್ವಾ?"

ಇದೇ ಹೊತ್ತು, ಈಗ ಬಿಟ್ಟರೆ ಇನ್ನಿಲ್ಲ ಅನ್ನುವುದು ಕೊಟ್ರೇಶನಿಗೆ ಸ್ಪಷ್ಟವಾಗಿ ಗೊತ್ತಾಯಿತು. "ಅಂಕಿತಾ," ಅಂದ. "ಆ ನಸೀಮಾ ಅದಾಳಲ್ಲ..."

"ಹೂಂ, ಏನಂದ್ರು ಅವರು?" ಅವಳು ಕತ್ತೆತ್ತಿ ನೋಡಿದಳು. ಆ ಮುಖದಲ್ಲಿ ಹುಡುಕಿದರೂ ಒಂದು ಸುಕ್ಕಿಲ್ಲ.

"ಭಾಳ ಚಲೋ ಹೊಲೀತಾಳೆ," ಅಂದ ಕೊಟ್ರೇಶ್. "ಅಂಥ ಹೊಲಿಗೆ ನಾನು ನಿಮ್ಮಜ್ಜನ ಕೈಯಾಗೆ ಬಿಟ್ರೆ ಇನ್ನೆಲ್ಲೂ ನೋಡಿಲ್ಲ."

ಹರಿಹರದ ಆ ಕುರ್ಚಿಯ ಮೇಲೆ ಆಡಬೇಕಾಗಿದ್ದ ಮಾತದು. ಅಲ್ಲಿ ಆಡಿದ್ದರೆ ಅದಕ್ಕೊಂದು ಬೆಲೆ ಇತ್ತು. ಇಲ್ಲಿ ಅದು ಮಗಳ ಕಿವಿಗೆ ಅಪ್ಪನ ಒಳ್ಳೆಯತನದ ಇನ್ನೊಂದು ಪುರಾವೆಯಾಗಿ ಬಿತ್ತು. ಅವಳ ಕಣ್ಣು ತುಂಬಿದವು. ಮೇಜಿನಿಂದ ಹಾಳೆ ತಂದು, ಚಾಪೆಯ ಮೇಲೆ ಬೋರಲಾಗಿ ಮಲಗಿ, ಸರಸರ ಬರೆಯತೊಡಗಿದಳು. ಅವನು ಕೈಕಾಲು ತೊಳೆದು ಬಂದು, ವಿಭೂತಿ ಇಟ್ಟುಕೊಂಡು, ಅಡುಗೆಮನೆಯಲ್ಲಿ ಹೆಂಡತಿ ಕೊಟ್ಟ ನೀರು ಕುಡಿದು ಬರುವಷ್ಟರಲ್ಲಿ ಮುಗಿಸಿದ್ದಳು.

"ಕನ್ನಡ ಸರಿ ಐತಾ ನೋಡ್ರಿ ಅಪ್ಪಾಜಿ."

ಕರಿಬಸವರಾಜರಿಗೆ ಬರೆದ ಕ್ಷಮಾಪಣೆ ಪತ್ರ. ವಿಚಾರಿಸದೆ ತಮ್ಮ ಅಂಗಡಿಯ ಮೇಲೆ ಅನುಮಾನಪಟ್ಟಿದ್ದಕ್ಕೆ ವಿಷಾದಿಸುತ್ತೇವೆ. ನನ್ನ ತಂದೆಯವರೇ ಖುದ್ದಾಗಿ ಹೋಗಿ ಹೊಲಿಯುವ ತಾಯಂದಿರನ್ನು ಕಂಡು ಬಂದಿದ್ದಾರೆ. ಅವರ ಮಾತಿಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ತಮ್ಮ ಹೊಸ ರ್‍ಯಾಕಿನ ಬಟ್ಟೆಯನ್ನು ಕೊಳ್ಳಿರೆಂದು ನಾವೇ ಕಾಲೇಜಿನಲ್ಲಿ ಎಲ್ಲರಿಗೂ ಹೇಳುತ್ತೇವೆ. ಉಳಿದ ಅಂಗಡಿಯವರೂ ತಮ್ಮನ್ನು ನೋಡಿ ಕಲಿಯಲಿ. ಕೊಟ್ರೇಶ್ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ. ಜೇಬಿನಿಂದ ಪೆನ್ನು ತೆಗೆದ. ಒಂದು ಕಡೆ ಕ್ಷಮಿಸಿ ಎಂದು ಎರಡು ಸಲ ಬಂದಿತ್ತು.

"ಒಂದ್ಸಲ ಸಾಕು," ಎಂದು ಒಂದನ್ನು ಹೊಡೆದು ಹಾಕಿದ.

ಅಂಕಿತಾ ಸಹಿ ಹಾಕಿ, ಮಡಚಿ, ಲಕೋಟೆಯಲ್ಲಿಟ್ಟು ಅವನ ಮುಂದೆ ಚಾಚಿದಳು. "ನಾಳೆ ನೀವೇ ಕೊಟ್ಟುಬಿಡ್ರಿ ಅಪ್ಪಾಜಿ. ನಾನು ಬರಲ್ಲ. ಸಾವ್ಕಾರ್ರ ಮುಖ ನೋಡೋಕೆ ನಂಗೆ ನಾಚಿಕೆ ಆಗ್ತೈತೆ."

ನಿನಗ್ಯಾಕವ್ವ ನಾಚಿಕೆ, ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಅವನು ಲಕೋಟೆ ತೆಗೆದುಕೊಂಡ.